ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ ಯಾರು ಮೊದಲು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರಾಜ್ಯದ ಹೆಚ್ಚಿನ ಜಂಕ್ಷನ್‌ಗಳಿಗೆ ಸಿಗ್ನಲ್ ಇಲ್ಲ. ಊರಿನ ಕ್ರಾಸ್, ಬಡಾವಣೆಯ ಅಡ್ಡರಸ್ತೆ, ಹೆದ್ದಾರಿಗೆ ಬಂದು ಸೇರುವ ಮಣ್ಣಿನ ದಾರಿ, ಎಲ್ಲ ಕಡೆ ನಾವೇ ನೋಡಿಕೊಂಡು ದಾಟುತ್ತೇವೆ. ಡ್ರೈವಿಂಗ್ ಕಲಿಯುವಾಗ ಕೆಂಪು, ಹಳದಿ, ಹಸಿರು ಹೇಳಿಕೊಡುತ್ತಾರೆ. ಆ ಮೂರೂ ಇಲ್ಲದ ಕಡೆ ಏನು ಮಾಡಬೇಕು ಅಂತ ಹೇಳಿಕೊಡುವವರು ಕಡಿಮೆ. ಆದರೆ ಅಲ್ಲೂ ಕಾನೂನು ಇದೆ, ಅದು ತುಂಬ ಸರಳವಾಗಿಯೂ ಇದೆ. ಗೊತ್ತಿಲ್ಲದೆ ಜನ ಸಾಯುತ್ತಿದ್ದಾರೆ ಅನ್ನೋ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸಿಗ್ನಲ್ ಇಲ್ಲ, ಪೊಲೀಸರೂ ಇಲ್ಲ. ನಾಲ್ಕು ರಸ್ತೆ ಸೇರುವಲ್ಲಿ ಯಾರು ಮೊದಲು ಹೋಗಬೇಕು?

ಎರಡು ನಿಯಮ ನೆನಪಿಟ್ಟುಕೊಂಡರೆ ಸಾಕು. ನೀವು ಸೇರುತ್ತಿರುವುದು ಮುಖ್ಯ ರಸ್ತೆಯಾಗಿದ್ದರೆ, ಅದರಲ್ಲಿ ಹೋಗುತ್ತಿರುವವರಿಗೆ ಮೊದಲು ದಾರಿ ಬಿಡಬೇಕು. ಎರಡೂ ಒಂದೇ ಥರದ ರಸ್ತೆಗಳಾಗಿದ್ದರೆ, ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಗಳಲ್ಲೇ ಇದು ಇತ್ತು. ಅವುಗಳ ಜಾಗಕ್ಕೆ 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ.

ದೊಡ್ಡ ಗಾಡಿ ಮೊದಲು, ಜೋರಾಗಿ ಹಾರ್ನ್ ಹೊಡೆದವರು ಮೊದಲು, ಮೂತಿ ತೂರಿಸಿದವರು ಮೊದಲು ಅನ್ನುವುದು ನಮ್ಮಲ್ಲಿ ನಡೆಯುತ್ತಿರುವ ರೂಢಿ ಅಷ್ಟೆ. ಕಾನೂನಿನಲ್ಲಿ ಎಲ್ಲೂ ಗಾಡಿಯ ಗಾತ್ರ ನೋಡಿ ದಾರಿ ಕೊಡಿ ಅಂತ ಬರೆದಿಲ್ಲ. ಬಲಗಡೆಯಿಂದ ಬರುತ್ತಿರುವುದು ಸೈಕಲ್ ಆದರೂ, ಲಾರಿಯವರು ನಿಲ್ಲಲೇಬೇಕು.

ಬಲಕ್ಕೇ ಯಾಕೆ? ಎಡಕ್ಕೆ ಯಾಕಲ್ಲ?

ನಾವು ರಸ್ತೆಯ ಎಡಗಡೆ ಓಡಿಸುತ್ತೇವೆ. ಹಾಗಾಗಿ ಅಡ್ಡರಸ್ತೆಗೆ ಕಾಲಿಟ್ಟ ತಕ್ಷಣ ನೀವು ಮೊದಲು ಎದುರಾಗುವುದು ಬಲದಿಂದ ಬರುವ ಗಾಡಿಗಳಿಗೆ. ಎಡದಿಂದ ಬರುವವರು ಇರುವುದು ರಸ್ತೆಯ ಆಚೆ ಅರ್ಧದಲ್ಲಿ. ಅವರನ್ನು ನೋಡಲು ಇನ್ನೂ ಒಂದು ಕ್ಷಣ ಸಿಗುತ್ತದೆ, ಬಲಗಡೆಯವರ ವಿಷಯದಲ್ಲಿ ಅದು ಸಿಗುವುದಿಲ್ಲ. ಅದಕ್ಕೇ ದಾಟುವ ಮುಂಚೆ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ಅಂತ ಮಕ್ಕಳಿಗೂ ಹೇಳಿಕೊಡುವುದು.

ಮುಖ್ಯ ರಸ್ತೆ ಯಾವುದು ಅಂತ ಗೊತ್ತಾಗುವುದು ಹೇಗೆ?

ಬೋರ್ಡ್ ಇದ್ದರೆ ಸುಲಭ. ತಲೆಕೆಳಗಾದ ತ್ರಿಕೋನ, ಅಂಚು ಕೆಂಪು, ಒಳಗೆ ಬಿಳಿ. ಅದು 'ದಾರಿ ಬಿಡಿ' ಅನ್ನುವ ಬೋರ್ಡು. ಎಂಟು ಮೂಲೆಯ ಕೆಂಪು ಬೋರ್ಡ್ ಇದ್ದರೆ 'ನಿಲ್ಲಿ'. ಈ ಎರಡಕ್ಕೆ ಮಾತ್ರ ಇಂಥ ಬೇರೆ ಆಕಾರ ಕೊಟ್ಟಿರುವುದಕ್ಕೆ ಕಾರಣ ಇದೆ. ಧೂಳು ಮೆತ್ತಿ ಅಕ್ಷರ ಕಾಣದಿದ್ದರೂ ಆಕಾರ ನೋಡಿದರೇ ಅರ್ಥ ಆಗಬೇಕು.

ಬೋರ್ಡ್ ಇಲ್ಲದ ಕಡೆಯೇ ಜಾಸ್ತಿ. ಆಗ ಅಗಲ ನೋಡಿ, ಮಧ್ಯೆ ಡಿವೈಡರ್ ಇದೆಯಾ ನೋಡಿ, ನಿಮ್ಮ ರಸ್ತೆಗೆ ಮಾತ್ರ ಹಂಪ್ ಹಾಕಿದ್ದಾರಾ ಗಮನಿಸಿ. ಅನುಮಾನ ಇದ್ದರೆ ನಿಮ್ಮದೇ ಸಣ್ಣ ರಸ್ತೆ ಅಂದುಕೊಳ್ಳಿ. ಇಬ್ಬರೂ ಹಾಗಂದುಕೊಂಡರೆ ಹೋಗುವುದು ಎರಡು ಸೆಕೆಂಡ್. ಇಬ್ಬರೂ ತಮ್ಮದೇ ಮುಖ್ಯ ರಸ್ತೆ ಅಂದುಕೊಂಡರೆ ಡಿಕ್ಕಿ ಗ್ಯಾರಂಟಿ.

'ನಿಲ್ಲಿ' ಬೋರ್ಡ್ ಇದೆ, ಆದರೆ ಯಾರೂ ಬರುತ್ತಿಲ್ಲ. ಆಗಲೂ ನಿಲ್ಲಿಸಬೇಕಾ?

ನಿಲ್ಲಿಸಬೇಕು. ಚಕ್ರ ಪೂರ್ತಿ ನಿಲ್ಲಬೇಕು, ಆಮೇಲೆ ಹೊರಡಬೇಕು. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ ಕಲಂ 184ರಲ್ಲಿ ಅಪಾಯಕಾರಿ ಚಾಲನೆ ಅಂದರೆ ಏನೇನು ಅಂತ ಪಟ್ಟಿಯೇ ಇದೆ. ಕೆಂಪು ದೀಪ ದಾಟುವುದರ ಪಕ್ಕದಲ್ಲೇ 'ನಿಲ್ಲಿ' ಬೋರ್ಡನ್ನು ಮೀರುವುದೂ ಇದೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು ಅಂತ ಕಾಯ್ದೆ ಹೇಳುತ್ತದೆ.

'ದಾರಿ ಬಿಡಿ' ಬೋರ್ಡಿನ ಲೆಕ್ಕ ಬೇರೆ. ಅಲ್ಲಿ ಯಾರೂ ಇಲ್ಲದಿದ್ದರೆ ನಿಧಾನ ಮಾಡಿ ಹೋಗಬಹುದು.

ಜಂಕ್ಷನ್ ಹತ್ತಿರ ಬಂದಾಗ ಎಷ್ಟು ವೇಗ ಇರಬೇಕು?

ಇಡೀ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ಯಾರು ಮೊದಲು ಅನ್ನುವುದು ಗೊತ್ತಿದ್ದರೂ, ನಿಲ್ಲಿಸಲು ಆಗದ ವೇಗದಲ್ಲಿ ಬಂದರೆ ಆ ಜ್ಞಾನ ಕೆಲಸಕ್ಕೆ ಬರುವುದಿಲ್ಲ.

ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ, ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯ ಲೆಕ್ಕ ಬಳಸುತ್ತಾರೆ. ಚಾಲಕನಿಗೆ ಅಡ್ಡಿ ಕಂಡು, ಮನಸ್ಸಿಗೆ ಹೋಗಿ, ಕಾಲು ಬ್ರೇಕ್ ಒತ್ತುವವರೆಗೆ 2.5 ಸೆಕೆಂಡ್ ಅಂತ ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದು ಗಾಡಿ ನಿಲ್ಲುವ ದೂರ. ಎರಡೂ ಸೇರಿದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ 20 ಮೀಟರ್ ಬೇಕು. 40ರಲ್ಲಿ 45 ಮೀಟರ್. 60ರಲ್ಲಿ 80 ಮೀಟರ್. 80ರಲ್ಲಿ 120 ಮೀಟರ್. 100ರಲ್ಲಿ 180 ಮೀಟರ್.

ಈಗ ನಿಮ್ಮ ಬಡಾವಣೆಯ ಮೂಲೆಯನ್ನು ನೆನಪಿಸಿಕೊಳ್ಳಿ. ಕಾಂಪೌಂಡ್ ಗೋಡೆ, ಮೂಲೆಯಲ್ಲಿ ನಿಂತ ಕಾರು, ಪಕ್ಕದಲ್ಲಿ ತಳ್ಳುಗಾಡಿ. ಅಡ್ಡರಸ್ತೆ ಎಷ್ಟು ದೂರ ಕಾಣುತ್ತದೆ? ಹತ್ತೋ ಹದಿನೈದೋ ಮೀಟರ್ ಇರಬಹುದು. ಅಂಥ ಕಡೆ 40ರಲ್ಲಿ ಬಂದವರು ಅಡ್ಡ ಬಂದ ಮಗುವನ್ನು ನೋಡಬಹುದು, ಆದರೆ ನಿಲ್ಲಿಸಲು ಆಗುವುದಿಲ್ಲ. 2.5 ಸೆಕೆಂಡಿನಲ್ಲೇ ಗಾಡಿ 28 ಮೀಟರ್ ಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ.

ಕಾನೂನು ಇದನ್ನೇ ಮಾತಿನಲ್ಲಿ ಹೇಳುತ್ತದೆ. ಜಂಕ್ಷನ್, ತಿರುವು, ಪಾದಚಾರಿ ದಾಟುವ ಜಾಗ ಬಂದಾಗ ವೇಗ ಇಳಿಸಬೇಕು. ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿಯಾಗುವವರೆಗೆ ಒಳಗೆ ಹೋಗಬಾರದು. ಖಾತ್ರಿ ಮಾಡಿಕೊಳ್ಳುವ ಜವಾಬ್ದಾರಿ ನಿಮ್ಮದು. "ಅವನು ಸಡನ್ನಾಗಿ ಬಂದ" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ.

ಎರಡೂ ಕಡೆ ನೋಡಿಯೇ ಹೊರಟೆ, ಆದರೂ ಬೈಕ್ ಕಾಣಲಿಲ್ಲ. ಹೇಗೆ?

ಕಾರಿನ ಮುಂದಿನ ಗಾಜಿನ ಎರಡೂ ಪಕ್ಕದ ಕಂಬಗಳು ಒಂದು ಬೈಕನ್ನು ಪೂರ್ತಿ ಮರೆಮಾಡಬಲ್ಲವು. ನೀವೂ ನಿಧಾನವಾಗಿ ಸರಿಯುತ್ತಿದ್ದು, ಬೈಕೂ ಸರಿಯುತ್ತಿದ್ದರೆ, ಅದು ಕಂಬದ ಹಿಂದೆಯೇ ಉಳಿದುಬಿಡಬಹುದು. ಹಾಗಾಗಿ ತಲೆ ಮಾತ್ರ ತಿರುಗಿಸಿದರೆ ಸಾಲದು. ಸೀಟಿನಲ್ಲಿ ಸ್ವಲ್ಪ ಮುಂದೆ ಬಾಗಿ, ಆಚೀಚೆ ಸರಿದು ನೋಡಿ. ಇನ್ನೊಂದು ಗುರುತು: ಅಡ್ಡ ಬರುತ್ತಿರುವ ಗಾಡಿ ನಿಮ್ಮ ಕಿಟಕಿಯಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತಾ ದೊಡ್ಡದಾಗುತ್ತಿದ್ದರೆ, ನೀವಿಬ್ಬರೂ ಒಂದೇ ಕಡೆ ಒಂದೇ ಹೊತ್ತಿಗೆ ತಲುಪುತ್ತೀರಿ ಅಂತ ಅರ್ಥ.

ನಾಲ್ಕೂ ಕಡೆಯಿಂದ ಒಟ್ಟಿಗೆ ಬಂದರೆ?

ಎಲ್ಲರ ಬಲಕ್ಕೂ ಒಬ್ಬೊಬ್ಬರು ಇರುತ್ತಾರೆ. ನಿಯಮದ ಪ್ರಕಾರ ಯಾರೂ ಹೊರಡುವಂತಿಲ್ಲ. ಇಲ್ಲಿ ಒಬ್ಬರು ಕೈ ತೋರಿಸಿ ಇನ್ನೊಬ್ಬರನ್ನು ಕಳಿಸಬೇಕು, ಬೇರೆ ದಾರಿಯಿಲ್ಲ. ಮೊದಲು ದಾರಿ ಬಿಟ್ಟವರಿಂದಲೇ ಆ ಜಂಕ್ಷನ್ ಬಿಚ್ಚಿಕೊಳ್ಳುತ್ತದೆ.

ಎದುರಿನವರು ಹೆಡ್‌ಲೈಟ್ ಮಿಂಚಿಸಿದರೆ 'ನೀವು ಹೋಗಿ' ಅಂತಲಾ?

ಹಾಗಂದುಕೊಂಡು ಹೊರಟುಬಿಡಬೇಡಿ. ನಮ್ಮ ರಸ್ತೆಗಳಲ್ಲಿ ಲೈಟ್ ಮಿಂಚಿಸುವವರು ಹೆಚ್ಚಾಗಿ ಹೇಳುವುದು "ನಾನು ಬರ್ತಿದ್ದೀನಿ, ನೀವು ನಿಲ್ಲಿ" ಅಂತ. ಬೇರೆ ಕೆಲವು ದೇಶಗಳಲ್ಲಿ ಅದೇ ಮಿಂಚು "ನೀವು ಹೋಗಿ" ಅಂತ. ವಿದೇಶದಲ್ಲಿ ಕೆಲವು ವರ್ಷ ಗಾಡಿ ಓಡಿಸಿ ಊರಿಗೆ ಬಂದವರು ಈ ವಿಷಯದಲ್ಲಿ ತುಂಬ ಹುಷಾರಾಗಿರಬೇಕು.

ನೇರವಾಗಿ ಹೋಗುತ್ತೇನೆ ಅಂತ ತೋರಿಸಲು ನಾಲ್ಕೂ ಇಂಡಿಕೇಟರ್ ಹಾಕುವ ಅಭ್ಯಾಸವೂ ಬಿಡಬೇಕಾದದ್ದು. ಎಡಗಡೆ ನಿಂತವರಿಗೆ ನಿಮ್ಮ ಎಡ ಇಂಡಿಕೇಟರ್ ಮಾತ್ರ ಕಾಣುತ್ತದೆ. ನೀವು ಎಡಕ್ಕೆ ತಿರುಗುತ್ತೀರಿ ಅಂತ ನಂಬಿ ಅವರು ಮುಂದೆ ಬರುತ್ತಾರೆ. ನೇರ ಹೋಗುವವರು ಯಾವ ಇಂಡಿಕೇಟರನ್ನೂ ಹಾಕಬೇಕಿಲ್ಲ.

ಬಲಕ್ಕೆ ತಿರುಗುವುದು ಹೇಗೆ?

ಮೊದಲೇ ಇಂಡಿಕೇಟರ್ ಹಾಕಿ, ರಸ್ತೆಯ ಮಧ್ಯದ ಕಡೆಗೆ ಬಂದು, ಎದುರಿನಿಂದ ನೇರ ಬರುವವರನ್ನು ಬಿಟ್ಟು, ಆಮೇಲೆ ತಿರುಗಿ. ಮೂಲೆಯನ್ನು ಕತ್ತರಿಸಿಕೊಂಡು ಹೋಗಬೇಡಿ. ಹಾಗೆ ಹೋದರೆ ಆ ರಸ್ತೆಯಿಂದ ಹೊರಬರುವವರ ಮುಖಕ್ಕೇ ಹೋಗಿ ನಿಲ್ಲುತ್ತೀರಿ.

ಸರ್ಕಲ್‌ನಲ್ಲಿ ಯಾರಿಗೆ ಹಕ್ಕು?

ಒಳಗೆ ಆಗಲೇ ಸುತ್ತುತ್ತಿರುವವರಿಗೆ. ಹೊರಗಿಂದ ಬರುವವರು ಕಾಯಬೇಕು. ಒಳಗಿನವರು ನಿಮ್ಮ ಬಲದಿಂದಲೇ ಬರುತ್ತಿರುತ್ತಾರೆ, ಹಾಗಾಗಿ ಹೊಸದಾಗಿ ಕಲಿಯುವುದೇನೂ ಇಲ್ಲ. ಬ್ರಿಟನ್ನಿನಲ್ಲಿ 1966ರಲ್ಲಿ ಈ ನಿಯಮ ತಂದರು. ಹೊರಗಿನವರು ನುಗ್ಗುತ್ತಾ ಹೋದರೆ ಒಳಗೆ ತುಂಬಿಕೊಂಡು ಯಾರೂ ಹೊರಗೆ ಬರಲಾಗುವುದಿಲ್ಲ. ಒಳಗಿನವರನ್ನು ಖಾಲಿಯಾಗಲು ಬಿಟ್ಟರೆ ಸರ್ಕಲ್ ತಾನಾಗಿ ಹರಿಯುತ್ತದೆ. ಮೈಸೂರಿನಂಥ ಊರಲ್ಲಿ ಹಳೆಯ ಕಾಲದ ದೊಡ್ಡ ಸರ್ಕಲ್‌ಗಳೇ ಇವೆ. ಇದೊಂದನ್ನು ಎಲ್ಲರೂ ಪಾಲಿಸಿದರೆ ಅವು ಎಷ್ಟು ಸಲೀಸಾಗಿ ಓಡುತ್ತವೆ ಅಂತ ದಟ್ಟಣೆ ಕಡಿಮೆ ಇರುವ ಬೆಳಗಿನ ಹೊತ್ತು ಕಾಣುತ್ತದೆ.

ಸಿಗ್ನಲ್ ಇದೆ, ಕರೆಂಟ್ ಹೋಗಿ ಆರಿದೆ. ಅಥವಾ ಹಳದಿ ಮಾತ್ರ ಮಿನುಗುತ್ತಿದೆ. ಆಗ?

ಆರಿದ್ದರೆ ಅದು ಸಿಗ್ನಲ್ ಇಲ್ಲದ ಜಂಕ್ಷನ್ನೇ. ಮೇಲೆ ಹೇಳಿದ್ದೆಲ್ಲ ಅನ್ವಯ. ಹಳದಿ ಮಿನುಗುತ್ತಿದ್ದರೆ ವೇಗ ಇಳಿಸಿ, ನೋಡಿ, ಹೋಗಿ. ರಾತ್ರಿ ತಡವಾದ ಮೇಲೆ ಎಷ್ಟೋ ಕಡೆ ಸಿಗ್ನಲ್ ಹೀಗೆ ಇಟ್ಟಿರುತ್ತಾರೆ. ರಸ್ತೆ ಖಾಲಿ ಅಂತ ಅದೇ ಹೊತ್ತಿನಲ್ಲಿ ಎಲ್ಲರೂ ವೇಗವಾಗಿ ಬರುವುದು, ಅದೇ ಭಯ. ಕೆಂಪು ಮಿನುಗುತ್ತಿದ್ದರೆ 'ನಿಲ್ಲಿ' ಬೋರ್ಡ್ ಇದ್ದ ಹಾಗೆ: ಪೂರ್ತಿ ನಿಲ್ಲಿಸಿ, ನೋಡಿ, ಹೊರಡಿ. ಟ್ರಾಫಿಕ್ ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ಅವರ ಕೈಯೇ ಅಂತಿಮ.

ರಸ್ತೆ ದಾಟುವ ಜನರ ಕಥೆ ಏನು?

ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ಹಕ್ಕು ನಡೆಯುವವರದ್ದು. ಅವರು ದಾಟುತ್ತಿದ್ದರೆ ಗಾಡಿ ನಿಲ್ಲಬೇಕು. ನಿಂತ ಗಾಡಿಯನ್ನು ಓವರ್‌ಟೇಕ್ ಮಾಡಿಕೊಂಡು ಹೋಗಲೇಬಾರದು. ಮುಂದಿನ ಬಸ್ ಯಾಕೆ ನಿಂತಿದೆ ಅಂತ ನಿಮಗೆ ಕಾಣುವುದಿಲ್ಲ, ಅದರ ಮುಂದೆ ಅಜ್ಜಿಯೊಬ್ಬರು ದಾಟುತ್ತಿರಬಹುದು.

ದಾಟುವವರಿಗೆ ಒಂದು ಮಾತು: ನಿಂತ ಬಸ್ಸಿನ ಮುಂದಿನಿಂದ ದಾಟಬೇಡಿ. ಬಸ್ ಹೋಗಲಿ, ಆಮೇಲೆ ಎರಡೂ ಕಡೆ ಕಾಣುತ್ತದೆ.

ಹೆದ್ದಾರಿಯ ಕ್ರಾಸ್ ದಾಟುವುದು ಹೇಗೆ?

ಹೊಲಕ್ಕೆ, ಶಾಲೆಗೆ, ಡೇರಿಗೆ ದಿನಾ ಹೆದ್ದಾರಿ ದಾಟುವವರು ಇದನ್ನು ದಯವಿಟ್ಟು ಗಮನಕೊಟ್ಟು ಓದಿ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ನಿಮ್ಮ ಬೈಕಿಗೆ ಒಂದು ಬದಿಯ ಎರಡು ಲೇನ್ ದಾಟಲು 6 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಆ ಕಾರು 160 ಮೀಟರಿಗಿಂತ ಜಾಸ್ತಿ ಬಂದಿರುತ್ತದೆ. ದೂರದಲ್ಲಿ ಚುಕ್ಕೆಯಂತೆ ಕಂಡದ್ದು ನೀವು ಮಧ್ಯಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿರುತ್ತದೆ. ನೇರವಾಗಿ ನಿಮ್ಮತ್ತ ಬರುವ ಗಾಡಿಯ ವೇಗವನ್ನು ಕಣ್ಣಿನಿಂದ ಅಳೆಯುವುದು ಯಾರಿಗೂ ಕಷ್ಟ, ರಾತ್ರಿ ಎರಡು ದೀಪ ಮಾತ್ರ ಕಂಡಾಗ ಇನ್ನೂ ಕಷ್ಟ.

ಡಿವೈಡರ್ ನಡುವೆ ನಿಲ್ಲಲು ಜಾಗ ಇದ್ದರೆ ಎರಡು ಕಂತಿನಲ್ಲಿ ದಾಟಿ. ಕಬ್ಬಿನ ಗಾಡಿ ಎಳೆಯುವ ಟ್ರ್ಯಾಕ್ಟರಿಗೆ ಇದು ಆಗುವುದಿಲ್ಲ, ಹಿಂದಿನ ಟ್ರೇಲರ್ ರಸ್ತೆಯಲ್ಲೇ ಉಳಿದುಬಿಡುತ್ತದೆ. ಅವರು ಪೂರ್ತಿ ರಸ್ತೆ ಖಾಲಿಯಾಗುವವರೆಗೆ ಕಾಯಬೇಕು, ಇಲ್ಲವೇ ಹತ್ತಿರದ ಅಂಡರ್‌ಪಾಸ್ ಹುಡುಕಬೇಕು. ಟ್ರೇಲರ್‌ನ ಹಿಂದೆ ಮತ್ತು ಪಕ್ಕಗಳಲ್ಲಿ ಹೊಳೆಯುವ ಪಟ್ಟಿ ಅಂಟಿಸಿ. ತುಂಬ ಅಗ್ಗದ ಸಾಮಾನು ಅದು, ಕತ್ತಲಲ್ಲಿ ಜೀವ ಉಳಿಸುತ್ತದೆ. ಸ್ವಲ್ಪ ದೂರ ಸುತ್ತಬೇಕಾಗುತ್ತದೆ ಅಂತ ರಾಂಗ್ ಸೈಡಿನಲ್ಲಿ ಬಂದು ಕ್ರಾಸ್ ಸೇರುವುದಂತೂ ಬೇಡ. ದಾಟುವ ಬೇರೆಯವರು ಆ ಕಡೆ ನೋಡುವುದೇ ಇಲ್ಲ.

ಘಾಟಿ ರಸ್ತೆಯಲ್ಲಿ ಒಂದೇ ಗಾಡಿಗೆ ಜಾಗ ಇದ್ದರೆ?

ಹತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಇಳಿಯುವವರು ಅಗಲ ಇರುವ ಕಡೆ ನಿಂತು ಬಿಡಬೇಕು. ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿದವರಿಗೆ ಹೇಳಬೇಕಿಲ್ಲ.

ಆಂಬುಲೆನ್ಸ್ ಬಂದರೆ ಈ ಬಲಗಡೆ ನಿಯಮ ಇದೆಯಾ?

ಇಲ್ಲ. ಸೈರನ್ ಹಾಕಿಕೊಂಡು ಬರುವ ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ಎಲ್ಲ ಕಡೆಯೂ ಮೊದಲ ದಾರಿ. ಕಲಂ 194ಇ ಪ್ರಕಾರ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಗೇಟೇ ಇಲ್ಲದ ರೈಲ್ವೆ ಕ್ರಾಸಿಂಗ್ ಈಗಲೂ ಇವೆಯಾ?

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದುಹಾಕಿದರು. ಕಾರ್ಖಾನೆಗೆ ಹೋಗುವಂಥ ಹಳಿ ಎಲ್ಲಾದರೂ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ ಕಲಂ 131 ನೆನಪಿಟ್ಟುಕೊಳ್ಳಿ. ಗಾಡಿ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ಜೊತೆಗಿರುವವರು ಇಳಿದು ಹಳಿಯವರೆಗೆ ನಡೆದುಹೋಗಿ ಎರಡೂ ಕಡೆ ನೋಡಿ ಗಾಡಿಯನ್ನು ಕರೆಯಬೇಕು. ಯಾರೂ ಇಲ್ಲದಿದ್ದರೆ ಚಾಲಕರೇ ಇಳಿಯಬೇಕು.

ಡಿಕ್ಕಿಯಾದರೆ ತಪ್ಪು ಯಾರದ್ದು ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ಯಾವಾಗಲೂ ದೊಡ್ಡ ಗಾಡಿಯದ್ದೇ ತಪ್ಪು ಅನ್ನುವುದು ಕಾನೂನಲ್ಲ. ಯಾರು ಮುಖ್ಯ ರಸ್ತೆಯಲ್ಲಿದ್ದರು, ಯಾರು ಬಲದಿಂದ ಬಂದರು, ಏಟು ಗಾಡಿಯ ಯಾವ ಭಾಗಕ್ಕೆ ಬಿದ್ದಿದೆ, ಬ್ರೇಕ್ ಗುರುತು ಎಲ್ಲಿದೆ, ಸಿಸಿಟಿವಿಯಲ್ಲಿ ಏನಿದೆ ಅಂತೆಲ್ಲ ನೋಡುತ್ತಾರೆ. ಇಬ್ಬರದ್ದೂ ತಪ್ಪಿದ್ದರೆ ನ್ಯಾಯಮಂಡಳಿ ಪಾಲು ಹಂಚಿ ಪರಿಹಾರವನ್ನು ಅದಕ್ಕೆ ತಕ್ಕಂತೆ ಇಳಿಸಬಹುದು.

ಅಲ್ಲೇ ನಿಂತು ಜಗಳಕ್ಕೆ ಇಳಿಯಬೇಡಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕರ ಮೊದಲ ಕರ್ತವ್ಯ ಅಂತ ಕಲಂ 134 ಹೇಳುತ್ತದೆ. ಪೊಲೀಸರಿಗೆ ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕು.

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ನಿಯಮ ಬೇರೆ ಅಲ್ವಾ?

ಸ್ವಲ್ಪ ಬೇರೆ. ಅಲ್ಲಿ ನಾಲ್ಕೂ ಕಡೆ 'ನಿಲ್ಲಿ' ಬೋರ್ಡ್ ಇರುವ ಜಂಕ್ಷನ್‌ಗಳು ತುಂಬ. ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಒಟ್ಟಿಗೆ ಬಂದರೆ ಬಲಗಡೆಯವರು ಮೊದಲು. ಸಿಗ್ನಲ್ ಆರಿಹೋದರೂ ಬಹುತೇಕ ರಾಜ್ಯಗಳಲ್ಲಿ ಇದೇ ರೀತಿ ನಡೆದುಕೊಳ್ಳಬೇಕು. ಜರ್ಮನಿಯಲ್ಲಿ ಬೋರ್ಡ್ ಇಲ್ಲದ ಕಡೆ ಬಲಗಡೆಯವರಿಗೇ ಹಕ್ಕು, ಅದನ್ನು ಜನ ಚಾಚೂತಪ್ಪದೆ ಪಾಲಿಸುತ್ತಾರೆ. ಬ್ರಿಟನ್ ಇನ್ನೂ ಬೇರೆ. ಗುರುತಿಲ್ಲದ ಕೂಡುರಸ್ತೆಯಲ್ಲಿ ಅಲ್ಲಿ ಯಾರಿಗೂ ಹಕ್ಕಿಲ್ಲ, ಎಲ್ಲರೂ ಹುಷಾರಾಗಿ ಹೋಗಬೇಕು.

ಸಿಗ್ನಲ್-ಫ್ರೀ ಕಾರಿಡಾರ್ ಅಂದರೂ ಇದೇನಾ?

ಅಲ್ಲ. ಅದರಲ್ಲಿ ಅಡ್ಡ ದಾಟುವುದನ್ನೇ ತಪ್ಪಿಸಿರುತ್ತಾರೆ. ಒಂದು ರಸ್ತೆ ಮೇಲ್ಸೇತುವೆಯಲ್ಲಿ, ಇನ್ನೊಂದು ಅಂಡರ್‌ಪಾಸ್‌ನಲ್ಲಿ. ಬೆಂಗಳೂರಿನ ಹೊರವರ್ತುಲ ರಸ್ತೆ, ಬಳ್ಳಾರಿ ರಸ್ತೆಯಲ್ಲಿ ಇಂಥ ಕೆಲಸಗಳಾಗಿವೆ. ಗಾಡಿಗಳಿಗೆ ಅನುಕೂಲ ನಿಜ. ಆದರೆ ನಿಲ್ಲದೆ ಹರಿಯುವ ರಸ್ತೆಯನ್ನು ನಡೆದು ದಾಟಬೇಕಾದವರಿಗೆ ಸ್ಕೈವಾಕ್ ಹತ್ತಿರದಲ್ಲಿ ಇಲ್ಲದಿದ್ದರೆ ನರಕ. ಯೋಜನೆ ಮಾಡುವವರು ಅವರನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಿಗ್ನಲ್ ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುತ್ತಾ?

ಎಲ್ಲ ಕಡೆ ಅಲ್ಲ. ಸಿಗ್ನಲ್ ಹಾಕಿದರೆ ಪಕ್ಕದಿಂದ ಗುದ್ದುವ ಅಪಘಾತ ಕಡಿಮೆಯಾಗುತ್ತವೆ, ಆದರೆ ಹಿಂದಿನಿಂದ ಗುದ್ದುವುದು ಹೆಚ್ಚಾಗಬಹುದು. ಗಾಡಿ ಕಡಿಮೆ ಇರುವ ಕಡೆ ಹಾಕಿದರೆ ಜನ ಸುಮ್ನೆ ಕಾಯಲು ಬೇಸರಪಟ್ಟು ಕೆಂಪು ದಾಟುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಅದಕ್ಕೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡ ಇಟ್ಟಿದೆ: ಗಂಟೆಗೆ ಎಷ್ಟು ಗಾಡಿ, ಎಷ್ಟು ಪಾದಚಾರಿಗಳು, 12 ತಿಂಗಳಲ್ಲಿ 5 ಅಥವಾ ಹೆಚ್ಚು ಅಪಘಾತ ಆಗಿವೆಯಾ ಅಂತೆಲ್ಲ.

ಸಣ್ಣ ಜಂಕ್ಷನ್‌ಗೆ ಸರ್ಕಲ್ ಎಷ್ಟೋ ಒಳ್ಳೆಯದು. ನಾಲ್ಕು ರಸ್ತೆಯ ಮಾಮೂಲಿ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳು 32. ಮೂರು ರಸ್ತೆ ಸೇರುವಲ್ಲಿ 9. ಒಂದು ಲೇನಿನ ಸರ್ಕಲ್‌ನಲ್ಲಿ 8 ಮಾತ್ರ, ಅವೂ ಓರೆಯಾಗಿ ತಾಗುವಂಥವು. ಡಿಕ್ಕಿಯಾದರೂ ಏಟು ಹಗುರ. ನೆದರ್ಲೆಂಡ್ಸಿನ ಡ್ರಾಕ್ಟನ್ ಊರಿನಲ್ಲಿ ಹ್ಯಾನ್ಸ್ ಮಾಂಡರ್‌ಮನ್ ಎಂಬ ಎಂಜಿನಿಯರ್ ದಟ್ಟಣೆಯ ಜಂಕ್ಷನ್ನಿನ ಸಿಗ್ನಲ್ ತೆಗೆದು ಸರ್ಕಲ್ ಮಾಡಿಸಿದರು. ಭೂತಾನದ ರಾಜಧಾನಿ ಥಿಂಪುವಿನಲ್ಲಿ ಸಿಗ್ನಲ್ ಹಾಕಿ, ಜನರಿಗೆ ಹಿಡಿಸಲಿಲ್ಲ ಅಂತ ತೆಗೆದು, ಮತ್ತೆ ಪೊಲೀಸರ ಕೈಗೇ ಕೊಟ್ಟರು.

ಹಂಪ್ ಹಾಕಿಸುವುದಾದರೂ ಅಳತೆ ಇದೆ. 10 ಸೆಂ.ಮೀ. ಎತ್ತರ, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಮುಂಚೆ ಎಚ್ಚರಿಕೆಯ ಬೋರ್ಡು, ಮೇಲೆ ಬಣ್ಣ. ರಾತ್ರೋರಾತ್ರಿ ಹಾಕಿದ ಕಿರಿದಾದ ಮಣ್ಣಿನ ದಿಬ್ಬಕ್ಕೆ ಬೈಕಿನವರು ಬಲಿಯಾಗುತ್ತಾರೆ.

ನಮ್ಮ ಕ್ರಾಸಿನಲ್ಲಿ ಮೇಲಿಂದ ಮೇಲೆ ಅಪಘಾತ ಆಗುತ್ತಿದೆ. ಯಾರನ್ನು ಕೇಳಬೇಕು?

ಮೊದಲು ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ಊರೊಳಗಿನದಾದರೆ ನಗರಸಭೆ ಅಥವಾ ಪಾಲಿಕೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಪ್ರಾಧಿಕಾರ. ರಾಷ್ಟ್ರೀಯ ಹೆದ್ದಾರಿಗೆ 1033 ಸಹಾಯವಾಣಿ ಇದೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಪಂಚಾಯಿತಿ ಕಡೆಯಿಂದ ಬರೆದು ಕೊಟ್ಟರೆ ತೂಕ ಹೆಚ್ಚು.

ಬರಿ "ತುಂಬ ಅಪಘಾತ ಆಗುತ್ತೆ" ಅಂತ ಬರೆಯಬೇಡಿ. ಠಾಣೆಯಿಂದ ಎಫ್‌ಐಆರ್ ಸಂಖ್ಯೆ, ದಿನಾಂಕ, ಹೊತ್ತು ಪಡೆದು ಸೇರಿಸಿ. ಸುಮಾರು 500 ಮೀಟರ್ ಉದ್ದದ ಹೆದ್ದಾರಿ ಭಾಗದಲ್ಲಿ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಕಪ್ಪುಚುಕ್ಕೆ ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ನಿಮ್ಮ ಕ್ರಾಸ್ ಆ ಲೆಕ್ಕಕ್ಕೆ ಬಂದರೆ ಸರಿಪಡಿಸಲೇಬೇಕು ಅಂತ ಒತ್ತಾಯಿಸಬಹುದು. ಬರದಿದ್ದರೂ ಬೋರ್ಡು, ಬೀದಿದೀಪ, ಮೂಲೆಯ ಪೊದೆ ಕಡಿಸುವುದು, ಬಿಳಿ ಪಟ್ಟಿ ಬಳಿಸುವುದು, ಇವನ್ನು ಅದೇ ಅರ್ಜಿಯಲ್ಲಿ ಕೇಳಿ. ಸಿಗ್ನಲ್ ಬರಲು ವರ್ಷಗಳೇ ಹಿಡಿಯಬಹುದು. ಪೊದೆ ಕಡಿಸುವುದು ಮುಂದಿನ ವಾರವೇ ಆಗುವ ಕೆಲಸ.